ಜಪ್ತಿಯಾದ ಕರಿಬೇವಿನ ಗಿಡಕ್ಕೆ ಡಚ್ ಸಿವಿಲ್ ಪ್ರಕ್ರಿಯೆ ಅನ್ವಯಿಸಿದ ಬಗ್ಗೆ

ಹಡ್ಸನ್–ರಾರಿಟನ್ ಕನ್ನಡ ಕೂಟ
ವ್ಯಾಜ್ಯ ಇತ್ಯರ್ಥ ಉಪಸಮಿತಿ
ಕಾರ್ಯಾಲಯ: ಕಾರ್ಯದರ್ಶಿಯವರ ಊಟದ ಮೇಜು, ನ್ಯೂಜೆರ್ಸಿ

ಸಂಖ್ಯೆ: ಹರಾಕಕೂ/ವ್ಯಾಇಉ/ಕಬೇ/3/1988-89
ದಿನಾಂಕ: 6 ಮಾರ್ಚ್ 1989

ಸುತ್ತೋಲೆ

ವಿಷಯ: ಶ್ರೀಮತಿ ಕೌಸಲ್ಯಾ (ಬೆಲ್‌ರೋಸ್) ವಿರುದ್ಧ ಶ್ರೀಮತಿ ನಿರುಪಮಾ (ಸೀಕಾಕಸ್) – ಕುಂಡಸಮೇತ ಕರಿಬೇವಿನ ಗಿಡ ಒಂದು – ಅನುಸರಿಸಲಾದ ಕ್ರಮ, ತತ್ಸಂಬಂಧ ಸದಸ್ಯರ ನಡವಳಿಕೆ ಮತ್ತು ಉಪಸಮಿತಿಯ ನಿರ್ದೋಷಿತ್ವದ ಬಗ್ಗೆ.

ಉಲ್ಲೇಖ: 1) ಸರ್ವಸದಸ್ಯರ ಸಭೆಯ ಠರಾವು, ದೀಪಾವಳಿ 1985 (ಊಟಕ್ಕೆ ಮುಂಚಿನದು). 2) ಶ್ರೀಮತಿ ಕೌಸಲ್ಯಾ ಅವರ ಜಪ್ತಿ ಅರ್ಜಿ (ಫೋನಿನಲ್ಲಿ). 3) ಹಾಲೆಂಡಿನ ಐಂಡ್‌ಹೋವನ್ ಪಟ್ಟಣದಲ್ಲಿರುವ ಶ್ರೀ ಈಶಣ್ಣ ಅವರೊಂದಿಗೆ ನಡೆದ ದೂರವಾಣಿ ಸಮಾಲೋಚನೆ (ಮಧ್ಯದಲ್ಲಿ ಕಡಿದುಹೋಗಿದೆ).

ಮೇಲ್ಕಂಡ ವಿಷಯದಲ್ಲಿ ಕೂಟದ ಎಲ್ಲ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ: ಒಂದು ಕರಿಬೇವಿನ ಗಿಡ ಇಬ್ಬರು ಗೆಳತಿಯರ ನಡುವೆ ವ್ಯಾಜ್ಯಕ್ಕೆ ಕಾರಣವಾಗಿ, ಈ ಉಪಸಮಿತಿಯಿಂದ ಜಪ್ತಿಯಾಗಿ, ಜನವರಿಯ ಚಳಿಯಲ್ಲಿ ಎಲೆಯೆಲ್ಲ ಉದುರಿಸಿಕೊಂಡು ಸಾಯುವ ಸ್ಥಿತಿಗೆ ಬಂದಿತ್ತು. ಇದಕ್ಕೆ ಉಪಸಮಿತಿಯೇ ಹೊಣೆ ಎಂದು ಮನ್ರೋದಿಂದ ಬೆಲ್‌ರೋಸ್‌ವರೆಗೆ ಫೋನುಗಳಲ್ಲಿ ಆಡಿಕೊಳ್ಳಲಾಗುತ್ತಿದೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ಡಚ್ ಕಾನೂನಿನಲ್ಲಿ ಅವಕಾಶವಿಲ್ಲದ ಕಾರಣ, ನಡೆದದ್ದನ್ನು ನಡೆದ ಹಾಗೆಯೇ ಕಲಮುವಾರು ಕೆಳಗೆ ವಿವರಿಸಲಾಗಿದೆ.

1. ಡಚ್ ಕಾನೂನು ಏಕೆ ಎಂಬ ಬಗ್ಗೆ

"ಸದಸ್ಯರ ನಡುವಿನ ವ್ಯಾಜ್ಯಗಳನ್ನು ಕಾರ್ಯದರ್ಶಿಯವರ ವಶದಲ್ಲಿರುವ ಸಿವಿಲ್ ಪ್ರಕ್ರಿಯಾ ಗ್ರಂಥದ ಪ್ರಕಾರವೇ ಇತ್ಯರ್ಥಪಡಿಸತಕ್ಕದ್ದು" ಎಂಬ ಠರಾವನ್ನು ಕೂಟ ಅಂಗೀಕರಿಸಿದೆ. ಇದನ್ನು ಮಂಡಿಸಿದ ಗಳಿಗೆಯಲ್ಲಿ, ಸಭೆ ನಡೆದ ಶಾಲೆಯ ಕೆಫೆಟೀರಿಯಾದ ಬಾಗಿಲಿನಿಂದ ಬಿಸಿಬೇಳೆಬಾತಿನ ಟ್ರೇಗಳು ಒಳಗೆ ಬರುತ್ತಿದ್ದವು. ಊಟ ಕಣ್ಣಿಗೆ ಬಿದ್ದ ಮೇಲೆ ಮಂಡನೆಯಾದ ಯಾವ ಠರಾವೂ ನಮ್ಮ ಕೂಟದ ಚರಿತ್ರೆಯಲ್ಲಿ ಬಿದ್ದುಹೋದದ್ದಿಲ್ಲ. ಇದೂ "ಆಯ್ತು ಆಯ್ತು, ಪಾಸು" ಎಂಬ ಸರ್ವಾನುಮತದಿಂದ ಜಾರಿಗೆ ಬಂತು.

ಸದರಿ ಗ್ರಂಥವನ್ನು ಕಾರ್ಯದರ್ಶಿಯವರು, ಇಲ್ಲಿನ ಲೈಬ್ರರಿಯವರು ಹಳೆಯ ಪುಸ್ತಕ ಮಾರುವಾಗ ತಂದದ್ದು. ರಟ್ಟು ಕಿತ್ತುಹೋಗಿತ್ತು. ಬೆನ್ನಿನ ಮೇಲೆ "ಸಿವಿಲ್ ಪ್ರೊಸೀಜರ್" ಎಂದು ಚಿನ್ನದ ಅಕ್ಷರಗಳಿದ್ದವು, ಅಷ್ಟು ಸಾಕಾಗಿತ್ತು. ಆಮೇಲೆ ಜಗಳವಾಡಿದ ಸದಸ್ಯರೆಲ್ಲ ಕೂಟ ಬಿಟ್ಟು ಬೇರೆ ಕೂಟ ಕಟ್ಟಿಕೊಂಡಿದ್ದರಿಂದ ಗ್ರಂಥವನ್ನು ತೆರೆಯುವ ಪ್ರಸಂಗ ಬರಲಿಲ್ಲ. ಈ ಪ್ರಕರಣದಲ್ಲಿ ತೆರೆದಾಗ, ಅದು ಹಾಲೆಂಡಿನ ಕೋರ್ಟುಗಳ ಪ್ರಕ್ರಿಯೆಯನ್ನು ಪರದೇಶದ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸುವ ಪುಸ್ತಕ ಎಂಬುದು ಗಮನಕ್ಕೆ ಬಂತು.

ಠರಾವನ್ನು ತಿದ್ದಲು ಊಟವಾದ ಮೇಲೆ ಮೂರನೇ ಎರಡರಷ್ಟು ಸದಸ್ಯರು ಸಭೆಯಲ್ಲಿ ಉಳಿದಿರಬೇಕು. ಅಷ್ಟು ಜನ ಎಂದೂ ಉಳಿದಿಲ್ಲ. ಅಲ್ಲದೆ ನ್ಯೂಯಾರ್ಕನ್ನು ಮೊದಲು ಕಟ್ಟಿದವರು ಡಚ್ಚರೇ; ಆ ಲೆಕ್ಕದಲ್ಲಿ ಈ ಸೀಮೆಯ ಮೂಲ ಕಾನೂನು ಅವರದೇ, ನಡುವೆ ಬಂದ ಇಂಗ್ಲಿಷರೂ ಅಮೆರಿಕನ್ನರೂ ತಾತ್ಕಾಲಿಕ ವ್ಯವಸ್ಥೆ ಎಂದು ಉಪಸಮಿತಿ ಪರಿಗಣಿಸಿದೆ.

ಗ್ರಂಥದಲ್ಲಿ ಅರ್ಥವಾಗದ ಕಡೆ ಐಂಡ್‌ಹೋವನ್‌ನ ಶ್ರೀ ಈಶಣ್ಣ ಅವರನ್ನು ಕೇಳತಕ್ಕದ್ದು. ಇವರು ಕಾರ್ಯದರ್ಶಿಯವರ ಭಾವಮೈದುನ. ಟಿವಿಯ ಪಿಕ್ಚರ್ ಟ್ಯೂಬ್ ವಿನ್ಯಾಸ ಮಾಡುತ್ತಾರೆ. ಕಾನೂನು ಓದಿಲ್ಲ, ಆದರೆ ಅಲ್ಲಿದ್ದಾರೆ.

2. ಪ್ರಕರಣದ ಸಂಗತಿ

ವಾದಿ ಶ್ರೀಮತಿ ಕೌಸಲ್ಯಾ ಅವರು ತಾಯಿಗೆ ಕಾಯಿಲೆಯೆಂದು ಕಳೆದ ವರ್ಷದ ಫೆಬ್ರವರಿಯಲ್ಲಿ ಮೈಸೂರಿಗೆ ಹೋಗುವಾಗ ತಮ್ಮ ಕರಿಬೇವಿನ ಗಿಡವನ್ನು ಪ್ರತಿವಾದಿ ಶ್ರೀಮತಿ ನಿರುಪಮಾ ಅವರಲ್ಲಿ ಬಿಟ್ಟರು. ತಾಯಿ ತೀರಿಕೊಂಡರು. ಅಕ್ಟೋಬರಿನಲ್ಲಿ ವಾಪಸು ಬಂದ ವಾದಿಯವರು ಗಿಡ ಕೇಳಿದರು, ಪ್ರತಿವಾದಿಯವರು ಕೊಡಲಿಲ್ಲ. ವಾರಕ್ಕೆ ಮೂರು ಸಲ ಮಾತಾಡುತ್ತಿದ್ದ ಗೆಳತಿಯರು ಅಂದಿನಿಂದ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಿಲ್ಲ.

ಈ ಸೀಮೆಯಲ್ಲಿ ಕರಿಬೇವು ಸಿಗುವುದು ಎಷ್ಟು ಕಷ್ಟ ಎಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ. ಗಿಡ ಈ ದೇಶಕ್ಕೆ ಬಂದ ಬಗೆಯನ್ನು ಯಾರೂ ಕೇಳತಕ್ಕದ್ದಲ್ಲ. ಅದು ವಾದಿಯ ತಾಯಿಯ ಹಿತ್ತಲಿನ ಮರದ ಬೀಜದಿಂದ ಹುಟ್ಟಿದ್ದು ಎಂಬಷ್ಟು ಮಾತ್ರ ದಾಖಲೆಯಲ್ಲಿರತಕ್ಕದ್ದು.

3. ಸಂರಕ್ಷಣಾ ಜಪ್ತಿ

ದಾವೆ ಹೂಡುವ ಮುನ್ನವೇ, ಎದುರು ಪಕ್ಷದವರನ್ನು ಒಂದು ಮಾತೂ ಕೇಳದೆ, ಅರ್ಜಿದಾರರ ಬಾಯಿಮಾತನ್ನು ನಂಬಿ ವಸ್ತುವನ್ನು ಜಪ್ತಿ ಮಾಡಲು ಡಚ್ ಕಾನೂನು ಅವಕಾಶ ಕೊಡುತ್ತದೆ. ಊರಿನ ಕೋರ್ಟುಗಳಲ್ಲಿ ವಾಯಿದೆ ಮೇಲೆ ವಾಯಿದೆ ಕಂಡು ಬೆಳೆದ ಕಾರ್ಯದರ್ಶಿಯವರಿಗೆ ಈ ಪುಟ ಓದಿ ಕಣ್ಣು ತುಂಬಿಬಂದದ್ದನ್ನು ಇಲ್ಲಿ ದಾಖಲಿಸಲಾಗಿದೆ.

ವಾದಿಯವರು ಫೋನಿನಲ್ಲಿ ಅರ್ಜಿ ಸಲ್ಲಿಸಿದರು. ಉಪಸಮಿತಿಯ ಅಧ್ಯಕ್ಷರೂ ನ್ಯಾಯಾಧೀಶರೂ ಆದ ಶ್ರೀ ಬೋರಲಿಂಗಯ್ಯನವರು ಫೋನ್ ಕೆಳಗಿಡುವ ಮುಂಚೆಯೇ ಮಂಜೂರು ಮಾಡಿದರು. ಸ್ಟೇಷನ್ ವ್ಯಾಗನ್ ಇದ್ದ ಒಂದೇ ಕಾರಣಕ್ಕೆ ಅಮೀನರಾಗಿ ನೇಮಕಗೊಂಡಿದ್ದ ಶ್ರೀ ಜಯರಾಮು ಅವರು ಜನವರಿಯ ಎರಡನೇ ವಾರ ಸೀಕಾಕಸ್‌ಗೆ ಹೋಗಿ ಗಿಡವನ್ನು ಜಪ್ತಿ ಮಾಡಿ, ಕುಂಡಕ್ಕೆ ಪ್ಯಾಕಿಂಗ್ ಟೇಪು ಸುತ್ತಿ, ಮನ್ರೋದಲ್ಲಿರುವ ನ್ಯಾಯಾಧೀಶರ ಹೊಸ ಮನೆಯ ಗ್ಯಾರೇಜಿನಲ್ಲಿಟ್ಟರು. ಮನೆಯೊಳಗೆ ಇಟ್ಟರೆ ಪಕ್ಷಪಾತದ ಆರೋಪ ಬರಬಹುದೆಂದು ಗ್ಯಾರೇಜನ್ನು ಆರಿಸಲಾಯಿತು. ಅಲ್ಲಿ ಹೀಟ್ ಇಲ್ಲ ಎಂಬುದು ಉಪಸಮಿತಿಗೆ ತಿಳಿದಿತ್ತು. ಹೀಟ್ ಬಗ್ಗೆ ಗ್ರಂಥದಲ್ಲಿ ಏನೂ ಇರಲಿಲ್ಲ.

4. ಜಪ್ತಿ ವಸ್ತುವಿನ ಪಾಲನೆ

(ಅ) ಜಪ್ತಿಯಾದ ವಸ್ತು ಯಥಾಸ್ಥಿತಿಯಲ್ಲಿರತಕ್ಕದ್ದು. ಆದುದರಿಂದ ಗಿಡ ಬೆಳೆಯತಕ್ಕದ್ದಲ್ಲ.

(ಆ) ಗಿಡಕ್ಕೆ ನೀರು ಹಾಕುವುದು ಒಡೆತನದ ಲಕ್ಷಣವಾಗಿರುವುದರಿಂದ ವಾದಿಯಾಗಲಿ ಪ್ರತಿವಾದಿಯಾಗಲಿ ನೀರು ಹಾಕತಕ್ಕದ್ದಲ್ಲ. ನ್ಯಾಯಾಧೀಶರು ಹಾಕಿದರೆ ಅವರೂ ಹಕ್ಕುದಾರರಾಗುತ್ತಾರೆ. ಯಾವ ಉದ್ದೇಶವೂ ಇಲ್ಲದೆ, ಬೇರೆ ಕಡೆ ನೋಡುತ್ತ, ಕೈತಪ್ಪಿ ನೀರು ಚೆಲ್ಲಿದಲ್ಲಿ ಆಕ್ಷೇಪವಿಲ್ಲ.

(ಇ) ಉದುರಿದ ಎಲೆಗಳನ್ನು ಜಿಪ್‌ಲಾಕ್ ಚೀಲದಲ್ಲಿ ಹಾಕಿ ನಿಶಾನೆ ಸಂಖ್ಯೆ ಕೊಟ್ಟು ದಾಖಲೆಗೆ ಸೇರಿಸತಕ್ಕದ್ದು.

(ಈ) ಗ್ಯಾರೇಜಿನೊಳಗೆ ಬಂದವರು ಗಿಡದ ಸಮೀಪ ಉಸಿರನ್ನು ಬಿಡಬಹುದು. ಎಳೆದುಕೊಳ್ಳುವುದು ವಾಸನೆಯ ಅನುಭೋಗವಾಗುವುದರಿಂದ ನಿಷೇಧಿಸಲಾಗಿದೆ.

(ಉ) ಜನವರಿ ಕೊನೆಯ ಶನಿವಾರ ನ್ಯಾಯಾಧೀಶರ ಮನೆಯ ತಿಳಿಸಾರಿನಲ್ಲಿ ಕರಿಬೇವಿನ ಎಲೆ ತೇಲುತ್ತಿದ್ದುದನ್ನು ಅಮೀನರು ಸ್ವತಃ ಕಂಡಿದ್ದಾರೆ. ಎರಡನೇ ಸಲ ಬಡಿಸಿಕೊಂಡು ಖಚಿತಪಡಿಸಿಕೊಂಡಿದ್ದಾರೆ. ಈ ಬಗ್ಗೆ ನ್ಯಾಯಾಧೀಶರ ಧರ್ಮಪತ್ನಿ ಶ್ರೀಮತಿ ಅಕ್ಕಮ್ಮನವರು "ನೆಲದ್ ಮೇಲೆ ಬಿದ್ದಿದ್ದ್ ಎಲೆ ಕಣಪ್ಪಾ, ನಿಮ್ ಡಚ್ಚರು ಬಂದು ಗುಡಿಸ್ತಾರಾ?" ಎಂದು ಲಿಖಿತವಲ್ಲದ ಸಮಜಾಯಿಷಿ ನೀಡಿದ್ದಾರೆ. ನ್ಯಾಯಾಧೀಶರು ಸಾಕ್ಷ್ಯವನ್ನು ಸೇವಿಸಿದ್ದಾರೆಂಬ ಕಾರಣಕ್ಕೆ ಅವರನ್ನು ಪೀಠದಿಂದ ತೆಗೆಯಬೇಕೆಂಬ ಮನವಿ ಬಂತು. ಅಮೀನರೂ ಕಾರ್ಯದರ್ಶಿಯವರೂ ಅದೇ ಸಾರನ್ನು ಉಂಡಿದ್ದುದರಿಂದ ಬದಲಿ ನ್ಯಾಯಾಧೀಶರು ದೊರೆಯದೆ ಮನವಿಯನ್ನು ವಜಾ ಮಾಡಲಾಯಿತು.

5. ಸಮನ್ಸ್ ಜಾರಿ

ಡಚ್ ಪದ್ಧತಿಯಲ್ಲಿ ದಾವೆ ಆರಂಭವಾಗುವುದು ಅಮೀನರು ಪ್ರತಿವಾದಿಯ ಮನೆಗೆ ಹೋಗಿ ಸಮನ್ಸ್ ಕೈಗಿಡುವುದರಿಂದ. ಭಾನುವಾರ ಕೊಡುವಂತಿಲ್ಲ. ಪ್ರತಿವಾದಿ ಇಲ್ಲದಿದ್ದರೆ ಅದೇ ಮನೆಯಲ್ಲಿ ವಾಸವಿರುವವರ ಕೈಗೆ ಕೊಡಬಹುದು.

ಅಮೀನರು ಮೊದಲ ಸಲ ಹೋದಾಗ ಪ್ರತಿವಾದಿಯವರು ಗಿಡ ಕಿತ್ತುಕೊಂಡುಹೋದ ಸಿಟ್ಟಿನಲ್ಲೂ ಉಪ್ಪಿಟ್ಟು, ಚಹಾ ಕೊಟ್ಟರು. ಉಪ್ಪಿಟ್ಟು ತಿಂದವರಿಗೆ ಸಮನ್ಸ್ ಕೊಡಲು ಮುಖವಿಲ್ಲದೆ ಅಮೀನರು "ಸುಮ್ನೆ ಈ ಕಡೆ ಬಂದಿದ್ದೆ" ಎಂದು ಹೇಳಿ ವಾಪಸಾದರು. ಎರಡನೇ ಸಲವೂ ಹೀಗೆಯೇ, ಅಂದು ಮಂಡಕ್ಕಿ. ಇನ್ನು ಮುಂದೆ ಅಮೀನರು ಹೊಟ್ಟೆ ತುಂಬಿಸಿಕೊಂಡೇ ಸಮನ್ಸ್ ಜಾರಿಗೆ ಹೋಗತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಮೂರನೇ ಸಲ ಪ್ರತಿವಾದಿ ಮನೆಯಲ್ಲಿರಲಿಲ್ಲ. ಊರಿನಿಂದ ಬಂದಿರುವ ಅವರ ಅತ್ತೆ ಶ್ರೀಮತಿ ಚನ್ನಮ್ಮನವರ ಕೈಗೆ ಸಮನ್ಸ್ ಕೊಡಲಾಯಿತು. "ತಾವು ತಪ್ಪದೆ ಹಾಜರಾಗತಕ್ಕದ್ದು" ಎಂಬ ಸಾಲು ಓದಿದ ಚನ್ನಮ್ಮನವರು ಅದನ್ನು ಗೃಹಪ್ರವೇಶದ ಕರೆಯೋಲೆ ಎಂದು ಭಾವಿಸಿ, ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ನಿಗದಿತ ದಿನ ಇಳಕಲ್ ಸೀರೆ ಉಟ್ಟು, ಐದು ತೆಂಗಿನಕಾಯಿ, ಒಂದು ಕುಪ್ಪಸದ ಖಣದೊಂದಿಗೆ ಎಲ್ಲರಿಗಿಂತ ಮುಂಚೆ, ಕೋರ್ಟು ನಡೆಯುವ ನ್ಯಾಯಾಧೀಶರ ಬೇಸ್‌ಮೆಂಟಿಗೆ ಬಂದು ಕುಳಿತರು. "ಕರದಾರ ಅಂದಮ್ಯಾಲೆ ಬರಿಗೈಲೆ ಹ್ಯಾಂಗ ಬರೂದ್ರಿ" ಎಂದು ನ್ಯಾಯಾಧೀಶರಿಗೆ ಒಂದು ಕಾಯಿ ಕೊಟ್ಟರು. ಇದು ಲಂಚವಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಕಾಯಿಯನ್ನು ಚಟ್ನಿ ಮಾಡಿ ಮುಗಿಸಲಾಗಿದೆ.

6. ಪ್ರತಿನಿಧಿಗಳು

ಡಚ್ ಕೋರ್ಟಿನಲ್ಲಿ ಪಕ್ಷಗಾರರು ತಾವೇ ವಾದಿಸುವಂತಿಲ್ಲ. ಅಧಿಕೃತ ಪ್ರತಿನಿಧಿ ಬೇಕು. ಅದರಂತೆ ಗಂಡಂದಿರನ್ನು ನೇಮಿಸಲಾಯಿತು. ಇಬ್ಬರೂ ಎಂಜಿನಿಯರುಗಳು, ಮ್ಯಾನ್‌ಹಟನ್‌ನ ಒಂದೇ ಕಟ್ಟಡದಲ್ಲಿ ಕೆಲಸ, ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚುವವರು. ಪ್ರಕರಣ ಮುಗಿಯುವವರೆಗೆ ಇವರು ಉಪ್ಪಿನಕಾಯಿ ವಿನಿಮಯ ಮಾಡಿಕೊಳ್ಳತಕ್ಕದ್ದಲ್ಲ ಎಂದು ಆದೇಶಿಸಲಾಗಿತ್ತು. ಇಬ್ಬರೂ ಮಾಡಿಕೊಂಡಿದ್ದಾರೆ.

ಪ್ರತಿನಿಧಿಯು ಕಕ್ಷಿದಾರರ ಹೇಳಿಕೆಗೆ ತನ್ನದೊಂದು ಅಕ್ಷರವನ್ನೂ ಸೇರಿಸತಕ್ಕದ್ದಲ್ಲ. ಈ ನಿಯಮವನ್ನು ಇಬ್ಬರು ಗಂಡಂದಿರೂ ಸುಲಭವಾಗಿ ಪಾಲಿಸಿದ್ದಾರೆ. ಮದುವೆಯಾದಾಗಿನಿಂದ ಅಭ್ಯಾಸವಿದೆ.

7. ಉತ್ತರ, ಪ್ರತ್ಯುತ್ತರ

ಮೊದಲು ಪ್ರತಿವಾದಿಯ ಉತ್ತರ, ಅದಕ್ಕೆ ವಾದಿಯ ಪ್ರತ್ಯುತ್ತರ, ಅದಕ್ಕೆ ಮತ್ತೆ ಪ್ರತಿವಾದಿಯ ಮರುತ್ತರ. ಎಲ್ಲವೂ ಬರವಣಿಗೆಯಲ್ಲೇ ಆಗತಕ್ಕದ್ದು. ಗಂಡಂದಿರು ಹೆಂಡತಿಯರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿರುವ ಕಾರಣ ಭಾಷೆಯ ಬಗ್ಗೆ ಉಪಸಮಿತಿ ಜವಾಬ್ದಾರಿಯಲ್ಲ.

ಪ್ರತಿವಾದಿಯ ಉತ್ತರ: "ನನಗ ಕೊಟ್ಟಾಗ ಅದಕ್ಕ ನಾಕ ಎಲಿ ಇದ್ದುವು ರೀ. ಹೀಟರ್ ಬಾಜೂ ಇಟ್ಟು, ಹುಳಿ ಮಜ್ಜಿಗಿ ಹಾಕಿ, ಎಲಿ ಎಲಿ ಒರಸಿ ಉಳಿಸೀನಿ. ಇವರು ಮುಂಜಾನೆ ಬಸ್ ಹತ್ತಿದ್ರ ಕತ್ತಲಾದ ಮ್ಯಾಲೆ ಬರೂದು. ನಂದು ಎಚ್-ಫೋರ್ ವೀಸಾ, ನೌಕರಿ ಮಾಡೂಹಂಗಿಲ್ಲ. ಆಗ ಅತ್ತಿನೂ ಬಂದಿರಲಿಲ್ಲ. ಇಡೀ ದಿನ ಯಾರ ಜೋಡಿ ಮಾತಾಡ್ಲಿ? ಅದರ ಜೋಡಿನ ಮಾತಾಡ್ತಿದ್ದೆ. ಈಕಿ ಊರಿಂದ ಬಂದಾಕಿ ಒಳಗ ಬಂದು ಕೂಡಲಿಲ್ಲ, ಚಾ ಕುಡೀಲಿಲ್ಲ. ಬಾಗಲದಾಗ ನಿಂತು ಥ್ಯಾಂಕ್ಸ್ ಅಂತಂದು ಕುಂಡಕ್ಕ ಕೈ ಹಾಕಿದ್ಲು. ನಾ ಏನು ಕೋಲ್ಡ್ ಸ್ಟೋರೇಜ್ ಏನ್ರೀ?"

ವಾದಿಯ ಪ್ರತ್ಯುತ್ತರ: "ನೋಡ್ಕೋ ಅಂತ ಕೊಟ್ಟಿದ್ದು, ಇಟ್ಕೋ ಅಂತಲ್ಲ. ಅಮ್ಮ ಹೋದ್ಮೇಲೆ ಅಣ್ಣಂದಿರು ಮನೆ ಮಾರಿದ್ರು. ತಗೊಂಡೋರು ಹಿತ್ಲಲ್ಲಿ ಕಾರ್ ಶೆಡ್ ಕಟ್ಟೋಕೆ ಆ ಮರ ಕಡ್ಸಿದ್ರು. ನನ್ ಕಣ್ಮುಂದೆ ಕಡ್ಸಿದ್ರು. ಇನ್ನು ಪ್ರಪಂಚದಲ್ಲಿ ಇರೋದು ಇದೊಂದೇ. ಅದನ್ನೂ ಇವಳು ಇಟ್ಕೋತೀನಿ ಅಂದ್ರೆ ಏನರ್ಥ?"

ಪ್ರತಿವಾದಿಯ ಮರುತ್ತರ: ಸಲ್ಲಿಕೆಯಾಗಿಲ್ಲ. ವಾದಿಯ ಪ್ರತ್ಯುತ್ತರವನ್ನು ಓದಿದ ಮೇಲೆ ಪ್ರತಿವಾದಿಯವರು ಹೀಟರ್ ಪಕ್ಕದಲ್ಲಿ ಗಿಡವಿದ್ದ ಜಾಗವನ್ನು ಸಂಜೆಯವರೆಗೂ ಒರೆಸುತ್ತಿದ್ದರೆಂದು ಅವರ ಪ್ರತಿನಿಧಿ ತಿಳಿಸಿದ್ದಾರೆ. ಒರೆಸುವುದನ್ನು ದಾಖಲೆಗೆ ತೆಗೆದುಕೊಳ್ಳುವ ವಿಧಾನ ಗ್ರಂಥದಲ್ಲಿಲ್ಲ.

8. ಆಣೆ ಪ್ರಮಾಣ

ಒಬ್ಬ ಪಕ್ಷಗಾರರು ಇನ್ನೊಬ್ಬರಿಗೆ "ಆಣೆ ಮಾಡು ನೋಡೋಣ" ಎಂದು ಸವಾಲು ಹಾಕಿ, ಅವರು ಆಣೆ ಮಾಡಿದರೆ ಮೊಕದ್ದಮೆಯೇ ಅವರದಾಗುವ ಒಂದು ವಿಧಾನ ಗ್ರಂಥದಲ್ಲಿದೆ. ಡಚ್ಚರಿಗೂ ನಮಗೂ ಇಷ್ಟು ಹತ್ತಿರದ ಸಂಬಂಧವಿರುವುದನ್ನು ಕಂಡು ಉಪಸಮಿತಿಗೆ ರೋಮಾಂಚನವಾಯಿತು. ಫ್ಲಶಿಂಗ್ ಗಣೇಶನ ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿಸಲು ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ಶ್ರೀ ಈಶಣ್ಣ ಅವರು ಫೋನ್ ಮಾಡಿ, ಹಾಲೆಂಡಿನಲ್ಲಿ ಕಳೆದ ವರ್ಷವೇ ಸಾಕ್ಷ್ಯದ ಕಾನೂನು ಬದಲಾಗಿ ಆ ಆಣೆಯನ್ನು ಕಿತ್ತುಹಾಕಿದ್ದಾರೆಂದು ತಮ್ಮ ಪಕ್ಕದ ಮನೆಯವರು ಹೇಳಿದರೆಂದು ತಿಳಿಸಿದರು. ಪಕ್ಕದ ಮನೆಯವರು ಯಾರು ಎಂದು ಕೇಳುವಷ್ಟರಲ್ಲಿ ಲೈನ್ ಕಡಿಯಿತು.

9. ಪಕ್ಷಗಾರರ ಖುದ್ದು ಹಾಜರಾತಿ ಮತ್ತು ಸ್ಥಳ ಪರಿಶೀಲನೆ

ಎಷ್ಟೇ ಕಾಗದ ಬರೆದಾಡಿದರೂ ಕೊನೆಗೊಮ್ಮೆ ಎರಡೂ ಪಕ್ಷಗಾರರನ್ನು ಒಂದೇ ಕೋಣೆಗೆ ಕರೆಸಿ ರಾಜಿಗೆ ಪ್ರಯತ್ನಿಸುವ ಪದ್ಧತಿ ಡಚ್ ನ್ಯಾಯಾಧೀಶರಲ್ಲಿದೆ. ಇದಕ್ಕೆ ಫೆಬ್ರವರಿ 5, ಭಾನುವಾರವನ್ನು ಗೊತ್ತುಮಾಡಲಾಯಿತು. ಭಾನುವಾರ ಕೋರ್ಟು ನಡೆಸುವಂತಿಲ್ಲ ಎಂದು ಕಾರ್ಯದರ್ಶಿ ಆಕ್ಷೇಪಿಸಿದರು. ಬೇರೆ ದಿನ ಯಾರಿಗೂ ರಜೆಯಿಲ್ಲ ಎಂದು ಅಮೀನರು ಹೇಳಿದರು. ಭಾನುವಾರವನ್ನೇ ಸೋಮವಾರವೆಂದು ಭಾವಿಸತಕ್ಕದ್ದೆಂದು ನ್ಯಾಯಾಧೀಶರು ರೂಲಿಂಗ್ ಕೊಟ್ಟರು. ಹಾಗಾದರೆ ತಾನು ಆಫೀಸಿಗೆ ಹೋಗಬೇಕಾಗುತ್ತದೆ ಎಂದು ಅಮೀನರು ಎದ್ದು ನಿಂತರು. ಈ ಚರ್ಚೆ ನಡೆಯುತ್ತಿದ್ದಂತೆ ಅಕ್ಕಮ್ಮನವರು ಮೇಲಿನಿಂದ ಮದ್ದೂರು ವಡೆಯ ತಟ್ಟೆ ತಂದರು. ಉಪಸಮಿತಿಯ ಗಮನ ಅಲ್ಲಿಗೆ ಹೋಯಿತು.

ಅದೇ ವೇಳೆ ಪ್ರತಿವಾದಿಯವರು ಎದ್ದು, ಯಾರ ಅನುಮತಿಯನ್ನೂ ಪಡೆಯದೆ ಗ್ಯಾರೇಜಿಗೆ ಹೋದರು. ವಾದಿಯವರು ಹಿಂದೆಯೇ ಹೋದರು. ಕರ್ತವ್ಯಪ್ರಜ್ಞೆಯಿಂದ ಅಮೀನರು ವಡೆ ಸಮೇತ ಅವರನ್ನು ಹಿಂಬಾಲಿಸಿದ್ದು, ಅವರು ಬರೆದ ಮಹಜರನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ:

"ಗಿಡದಲ್ಲಿ ಒಂದು ಎಲೆಯೂ ಇರಲಿಲ್ಲ. ನಿರುಪಮಾ ಅವರು 'ಅಯ್ಯ ನಮ್ಮವ್ವ, ಏನ್ ಗತಿ ಮಾಡಿಟ್ಟಾರ ಇದನ್ನ!' ಅಂದರು. ಕೌಸಲ್ಯಾ ಅವರು 'ಜಪ್ತಿ ಮಾಡಿ ಅಂದೋಳು ನಾನೇ ಕಣೇ. ನಾನೇ ಸಾಯಿಸ್ಬಿಟ್ಟೆ' ಅಂದರು. ನಿರುಪಮಾ ಅವರು ಮಂಡಿಯೂರಿ ಕೂತು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದರು. 'ಮ್ಯಾಲೆ ಒಣಗೈತಿ. ಬುಡದಾಗ ಏನೈತಿ ಗೊತ್ತಿಲ್ಲ. ಮೊದಲ ಬೆಚ್ಚಗ ಇಡೂಣು' ಅಂದರು. ಕೌಸಲ್ಯಾ ಅವರು ಗೋಡೆ ಹಿಡಿದುಕೊಂಡು 'ಅವತ್ತು ನಿನ್ ಮನೇಲಿ ಕೂತ್ಕೊಂಡಿದ್ರೆ ನೀನು ಅಮ್ಮನ್ ವಿಷಯ ಕೇಳ್ತಿದ್ದೆ. ಕೇಳಿದ್ರೆ ನಾನು ಅಳ್ತಿದ್ದೆ. ಅದಕ್ಕೇ ಬಾಗಿಲಲ್ಲೇ ನಿಂತ್ಕೊಂಡೆ ಕಣೇ' ಅಂದರು. 'ಹುಚ್ಚಿ, ಅಳಬೇಕಿತ್ತಲ್ಲ. ಅಳಾಕ ಮತ್ಯಾರ ಮನಿ ಐತಿ ನಿನಗ ಇಲ್ಲಿ?' ಅಂದರು ನಿರುಪಮಾ. ಆಮೇಲೆ ಇಬ್ಬರೂ ಅತ್ತರು."

ಅಳುವುದು ಪ್ರಕ್ರಿಯೆಯ ಯಾವ ಹಂತಕ್ಕೆ ಸೇರುತ್ತದೆ ಎಂಬುದು ಗ್ರಂಥದಲ್ಲಿಲ್ಲ. ಅಮೀನರೂ ಸ್ವಲ್ಪ ಅತ್ತಿರುವುದು ಮಹಜರಿನ ಮೇಲಿನ ಕಲೆಗಳಿಂದ ಕಂಡುಬಂದಿದ್ದು, ಅವರ ವಿರುದ್ಧ ಶಿಸ್ತುಕ್ರಮ ಪರಿಶೀಲನೆಯಲ್ಲಿದೆ. ಅವು ವಡೆಯ ಎಣ್ಣೆಯ ಕಲೆ ಎಂದು ಅವರ ವಾದ.

ಪಕ್ಷಗಾರರು ಸೀಲು ಕಿತ್ತು, ಗೂಟಕ್ಕೆ ನೇತುಹಾಕಿದ್ದ ನ್ಯಾಯಾಧೀಶರ ಉಣ್ಣೆಯ ಓವರ್‌ಕೋಟನ್ನು ಗಿಡಕ್ಕೆ ತೊಡಿಸಿ, ಗುಂಡಿ ಹಾಕಿ, ಬೇಸ್‌ಮೆಂಟಿನ ಮೇಜಿನ ಮೇಲಿದ್ದ ಸಿವಿಲ್ ಪ್ರಕ್ರಿಯಾ ಗ್ರಂಥವನ್ನೂ ಎತ್ತಿಕೊಂಡು, ಒಂದೇ ಕಾರಿನಲ್ಲಿ ಹೊರಟುಹೋದರು. ಗಂಡಂದಿರನ್ನು ಬಿಟ್ಟುಹೋದರು. ಅವರನ್ನು ಅಮೀನರು ಸ್ಟೇಷನ್ ವ್ಯಾಗನ್ನಿನಲ್ಲಿ ಮನೆಗೆ ತಲುಪಿಸಬೇಕಾಯಿತು.

10. ಉಪಸಮಿತಿಯ ವಿರುದ್ಧ ತುರ್ತು ದಾವೆ

ನಾಲ್ಕು ವರ್ಷದಲ್ಲಿ ಕಾರ್ಯದರ್ಶಿಯವರು ಓದಿದ್ದಕ್ಕಿಂತ ಹೆಚ್ಚನ್ನು ಈ ಇಬ್ಬರು ಸೀಕಾಕಸ್‌ನ ಅಡುಗೆಮನೆಯಲ್ಲಿ ಕುಳಿತು ನಾಲ್ಕು ದಿನದಲ್ಲಿ ಓದಿದ್ದಾರೆಂದು ತಿಳಿದುಬಂದಿದೆ. ತಡವಾದರೆ ಹಾನಿಯಾಗುವ ಸಂಗತಿಗಳಿಗೆ ಡಚ್ಚರಲ್ಲಿ ತುರ್ತು ದಾವೆ ಎಂಬ ಒಂದು ದಾರಿಯಿದ್ದು, ಅದನ್ನು ಬಳಸಿ ವಾದಿಯೂ ಪ್ರತಿವಾದಿಯೂ ಜಂಟಿಯಾಗಿ ಈ ಉಪಸಮಿತಿಯ ಮೇಲೆಯೇ ದಾವೆ ಹೂಡಿದರು.

ಸಮನ್ಸನ್ನು ಚನ್ನಮ್ಮನವರು ಶುಕ್ರವಾರ, ಕಾನೂನುಬದ್ಧವಾದ ಹೊತ್ತಿನಲ್ಲಿ, ಕಾರ್ಯದರ್ಶಿಯವರ ಮನೆಗೇ ಬಂದು ಜಾರಿ ಮಾಡಿದರು. ಕಾಫಿ ಮುಂದಿಟ್ಟಾಗ "ಮೊದಲ ಸಹಿ ಮಾಡ್ರಿ, ಆಮ್ಯಾಲೆ ಕಾಫಿ" ಎಂದರು. ಈ ಕೂಟದ ಇತಿಹಾಸದಲ್ಲಿ ನಿಯಮದ ಪ್ರಕಾರ ಜಾರಿಯಾದ ಸಮನ್ಸ್ ಇದೊಂದೇ.

ವಿಚಾರಣೆಗೆ ಫೆಬ್ರವರಿ 12ನ್ನು ಗೊತ್ತುಮಾಡಲಾಗಿತ್ತು. ಅದೂ ಭಾನುವಾರ. ಕಾರ್ಯದರ್ಶಿಯವರು ತತ್ವಕ್ಕೆ ಬದ್ಧರಾಗಿ ಹೋಗಲಿಲ್ಲ. ತುರ್ತು ದಾವೆಯನ್ನು ಭಾನುವಾರವೂ ನಡೆಸಬಹುದು ಎಂಬ ಸಾಲು, ಭಾನುವಾರದ ನಿಷೇಧವಿದ್ದ ಅದೇ ಪುಟದ ಅಡಿಯಲ್ಲಿತ್ತು ಎಂದು ಈಗ ತಿಳಿದಿದೆ. ಅಲ್ಲಿ ಕಾರ್ಯದರ್ಶಿಯವರ ಕಾಫಿ ಲೋಟದ ಗುರುತು ಬಿದ್ದಿತ್ತು.

ಅಧ್ಯಕ್ಷರು ಸ್ವತಃ ಪ್ರತಿವಾದಿಯಾದುದರಿಂದ ಬೇಸ್‌ಮೆಂಟಿನ ಒಡತಿ ಶ್ರೀಮತಿ ಅಕ್ಕಮ್ಮನವರು ಪೀಠ ವಹಿಸಿದರು. ಶ್ರೀ ಬೋರಲಿಂಗಯ್ಯನವರು ಹಾಜರಿದ್ದು ಆರೋಪಗಳನ್ನೆಲ್ಲ ಓದುವ ಮುಂಚೆಯೇ ಒಪ್ಪಿಕೊಂಡರು. ಗೈರುಹಾಜರಾದ ಕಾರ್ಯದರ್ಶಿಯ ವಿರುದ್ಧ ಏಕಪಕ್ಷೀಯ ತೀರ್ಪಾಯಿತು. ತೀರ್ಪಿನ ಸಾರಾಂಶ:

(ಅ) ಜಪ್ತಿ ರದ್ದು. ಗಿಡ ಎಲ್ಲಿ ಬೆಚ್ಚಗಿರುತ್ತದೆಯೋ ಅಲ್ಲಿರತಕ್ಕದ್ದು. ಅದು ಯಾರದು ಎಂದು ಇನ್ನು ಮುಂದೆ ಯಾವ ಗಂಡಸೂ ಕೇಳತಕ್ಕದ್ದಲ್ಲ.

(ಆ) ಉಪಸಮಿತಿಯು ತಾನು ಮಾಡಿದ್ದನ್ನೆಲ್ಲ ವಿವರಿಸಿ ಒಂದು ಸುತ್ತೋಲೆ ಹೊರಡಿಸತಕ್ಕದ್ದು. ಅದನ್ನು ಕಾರ್ಯದರ್ಶಿಯವರು ಅದೇ ಗ್ಯಾರೇಜಿನಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದತಕ್ಕದ್ದು. ಓದಿ ಮುಗಿಯುವವರೆಗೆ ಉಪಸಮಿತಿಯ ಮೂವರೂ ಕೋಟಿಲ್ಲದೆ ನಿಲ್ಲತಕ್ಕದ್ದು.

(ಇ) ಸುತ್ತೋಲೆ ಹೊರಡುವವರೆಗೆ ಮೂವರ ಮನೆಯಲ್ಲೂ ಒಗ್ಗರಣೆ ನಿಲ್ಲತಕ್ಕದ್ದು. ಆದೇಶ ಪಾಲಿಸದವರಿಗೆ ದಿನಕ್ಕಿಷ್ಟು ಎಂದು ದಂಡ ಹಾಕುವುದು ಡಚ್ ಪದ್ಧತಿ. ಅಕ್ಕಮ್ಮನವರು ಅದನ್ನು ಅಡುಗೆಗೆ ಅನ್ವಯಿಸಿದ್ದಾರೆ. ಈ ಭಾಗದ ಜಾರಿಗೆ ಅಮೀನರ ಅಗತ್ಯ ಬೀಳಲಿಲ್ಲ. ಅಂದು ರಾತ್ರಿಯೇ ಜಾರಿಗೆ ಬಂತು.

ಕಾರ್ಯದರ್ಶಿಯವರು ಮೂರು ವಾರ ಹಠ ಹಿಡಿದರು. ಒಗ್ಗರಣೆಯಿಲ್ಲದ ಸಾರು, ಒಗ್ಗರಣೆಯಿಲ್ಲದ ಪಲ್ಯ, ಒಗ್ಗರಣೆಯಿಲ್ಲದ ಮೊಸರನ್ನ. ತತ್ವಕ್ಕೂ ಒಂದು ಮಿತಿಯಿದೆ. ಆದುದರಿಂದ ಈ ಸುತ್ತೋಲೆ.

11. ಸುತ್ತೋಲೆಯ ಉದ್ದದ ಬಗ್ಗೆ

ಮೇಲಿನ ಮೊದಲ ಒಂಬತ್ತು ಕಲಮುಗಳನ್ನು ತೀರ್ಪಿಗೆ ಮುಂಚೆಯೇ, ಉಪಸಮಿತಿಯ ಕೀರ್ತಿಗಾಗಿ, ಸವಿಸ್ತಾರವಾಗಿ ಬರೆದಿಡಲಾಗಿತ್ತು. ಗ್ಯಾರೇಜಿನಲ್ಲಿ ಓದಬೇಕೆಂದು ಗೊತ್ತಾದ ಮೇಲೆ ಮೊಟಕುಗೊಳಿಸಲು ಅನುಮತಿ ಕೋರಲಾಯಿತು. ನಿರಾಕರಿಸಲಾಗಿದೆ. ವಾಚನವನ್ನು ಜುಲೈಗೆ ಮುಂದೂಡಬೇಕೆಂಬ ಮನವಿಯನ್ನೂ ನಿರಾಕರಿಸಲಾಗಿದೆ.

12. ಗಿಡದ ಈಗಿನ ಸ್ಥಿತಿ

ಕರಡಿಗೆ ಒಪ್ಪಿಗೆ ಪಡೆಯಲು ಕಾರ್ಯದರ್ಶಿಯವರು ನಿನ್ನೆ ಸೀಕಾಕಸ್‌ಗೆ ಹೋಗಿದ್ದರು. ಅಡುಗೆಮನೆಯ ಹೀಟರ್ ಪಕ್ಕದಲ್ಲಿ ಓವರ್‌ಕೋಟ್ ಹೊದ್ದ ಕುಂಡದಲ್ಲಿ ಒಂದು ಬೋಳು ಕಡ್ಡಿ. ಒಂದು ತಿಂಗಳಿನಿಂದ ಅದು ಹಾಗೆಯೇ ಇತ್ತಂತೆ. ಯಾರೂ ಅದರ ಮಾತೆತ್ತುತ್ತಿರಲಿಲ್ಲವಂತೆ. ಕೌಸಲ್ಯಾ ಅವರು ದಿನ ಬಿಟ್ಟು ದಿನ ಎರಡು ಸೇತುವೆ ದಾಟಿ ಡ್ರೈವ್ ಮಾಡಿಕೊಂಡು ಬಂದು, ಕಡ್ಡಿಯನ್ನು ನೋಡಿ, ಚಹಾ ಕುಡಿದು, ತಾಯಿಯ ವಿಷಯ ಮಾತಾಡಿ ಹೋಗುತ್ತಿದ್ದರಂತೆ. ಕಾರ್ಯದರ್ಶಿಯವರು ಕರಡನ್ನು ಮೇಜಿನ ಮೇಲಿಟ್ಟು ಒಂದು ಮೂಲೆಯಲ್ಲಿ ನಿಂತರು. ನಿರುಪಮಾ ಅವರು ಕೋಟಿನ ಅಂಚನ್ನು ಸರಿಸಿ "ಬರ್ರಿ, ನೋಡ್ರಿ" ಎಂದರು. ಬಗ್ಗಿ ನೋಡಲಾಯಿತು. ಮಣ್ಣಿಗೆ ಒಂದು ಬೆರಳು ಮೇಲೆ, ಕಡ್ಡಿಯ ಬುಡದಲ್ಲಿ, ಹೆಸರುಕಾಳಿಗಿಂತಲೂ ಚಿಕ್ಕದಾದ ಒಂದು ಹಸಿರು ಚುಕ್ಕೆ.

ನನಗೆ ಬಹಳ ಸಂತೋಷವಾಯಿತು. ಅದು ಸಾಯಲು ನಾನೇ ಕಾರಣನಾಗುತ್ತೇನೆಂದು ನಾಲ್ಕು ವಾರದಿಂದ ನಿದ್ದೆ ಬಂದಿರಲಿಲ್ಲ.

ಮೇಲಿನ ಎರಡು ವಾಕ್ಯಗಳಲ್ಲಿ "ನಾನು" ಎಂಬುದು ಬಂದಿರುವುದು ಕಾರ್ಯಾಲಯದ ಪದ್ಧತಿಗೆ ವಿರುದ್ಧ. ತಿದ್ದಿಲ್ಲ.

13. ಸದರಿ ಚುಕ್ಕೆಗೆ ಈ ಸುತ್ತೋಲೆಯ ಯಾವ ಕಲಮೂ ಅನ್ವಯಿಸತಕ್ಕದ್ದಲ್ಲ. ಅದು ಬೆಳೆಯತಕ್ಕದ್ದು.

(ಸಹಿ)
ಕೃಷ್ಣಸ್ವಾಮಿ
ಕಾರ್ಯದರ್ಶಿ, ವ್ಯಾಜ್ಯ ಇತ್ಯರ್ಥ ಉಪಸಮಿತಿ
(ಗ್ಯಾರೇಜಿನಲ್ಲಿ ಸಹಿ ಮಾಡಿದ್ದರಿಂದ ಅಕ್ಷರ ನಡುಗಿದೆ)

ಪ್ರತಿಗಳು (ಆಫೀಸಿನ ಜೆರಾಕ್ಸ್, ಯಾರ ಆಫೀಸು ಎಂದು ಕೇಳಬಾರದು):

1. ಶ್ರೀ ಬೋರಲಿಂಗಯ್ಯನವರಿಗೆ. ಓವರ್‌ಕೋಟನ್ನು ಏಪ್ರಿಲ್‌ವರೆಗೆ ನಿರೀಕ್ಷಿಸಬಾರದಾಗಿ ವಿನಂತಿ.
2. ಶ್ರೀಮತಿ ಅಕ್ಕಮ್ಮನವರ ಪೀಠಕ್ಕೆ, ಒಗ್ಗರಣೆಯನ್ನು ಪುನರಾರಂಭಿಸಲು ಆದೇಶ ಕೋರಿ.
3. ಶ್ರೀ ಜಯರಾಮು, ಅಮೀನರಿಗೆ. ವಾಚನಕ್ಕೆ ಹಾಜರಾತಿ ಕಡ್ಡಾಯ. ಕೈಗವಸೂ ಕೋಟಿನ ಭಾಗವೆಂದು ಪೀಠದ ರೂಲಿಂಗ್ ಆಗಿದೆ.
4. ಶ್ರೀಮತಿ ಚನ್ನಮ್ಮನವರಿಗೆ. ಇದು ಆಮಂತ್ರಣವಲ್ಲ; ಆದರೂ ಬರುವುದು.
5. ಶ್ರೀ ಈಶಣ್ಣ, ಐಂಡ್‌ಹೋವನ್, ಇವರಿಗೆ, ಪಕ್ಕದ ಮನೆಯವರಿಗೆ ತೋರಿಸಲು.
6. ಇಬ್ಬರು ಗಂಡಂದಿರಿಗೆ, ಡಬ್ಬಿ ಬಿಚ್ಚುವ ಬೆಂಚಿನ ವಿಳಾಸಕ್ಕೆ.
7. ಶ್ರೀಮತಿ ಕೌಸಲ್ಯಾ ಮತ್ತು ಶ್ರೀಮತಿ ನಿರುಪಮಾ, ಇಬ್ಬರಿಗೂ ಸೇರಿ ಒಂದೇ ಪ್ರತಿ. ಎರಡೂ ಮನೆಯ ಫೋನು ಸದಾ ಎಂಗೇಜ್ ಬರುತ್ತಿರುವುದರಿಂದ ಅಂಚೆಯ ಮೂಲಕ.